ಕೆಂಪು ದೀಪದ ಮುಂದೆ ನಿಂತವರು



ಹಾಕಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಮೈದಾನ, ಬಾಗಿದ ಕೋಲು, ಉರುಳುವ ಬಿಳಿಯ ಚೆಂಡು. ಕೆನಡಾ ದೇಶದವರಿಗೆ ಹಾಗಲ್ಲ. ಅವರಿಗೆ ಹಾಕಿ ಎಂದರೆ ಹೆಪ್ಪುಗಟ್ಟಿದ ನೀರು. ಸುಮಾರು ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಕಣ. ಅದರ ಮೇಲೆ ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತಾ ಓಡುವ ಆಟಗಾರರು, ಒಂದೊಂದು ಪಕ್ಷಕ್ಕೆ ಆರು ಮಂದಿ. ಚೆಂಡಿನ ಬದಲು ಅಲ್ಲಿರುವುದು ‘ಪಕ್’ ಎಂಬ ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ತೂಕ ಸುಮಾರು 170 ಗ್ರಾಂ. ಅದು ಪುಟಿಯಬಾರದೆಂದು ಆಟಕ್ಕೆ ಮೊದಲು ಶೀತದಲ್ಲಿಟ್ಟು ಕಲ್ಲಿನಂತಾಗಿಸುತ್ತಾರೆ. ಬಲಶಾಲಿಯೊಬ್ಬನು ಕೋಲನ್ನು ಮೇಲೆತ್ತಿ ಬೀಸಿದರೆ ಆ ಬಿಲ್ಲೆ ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹಾರುತ್ತದೆ.

ಅದನ್ನು ತಡೆಯುವುದಕ್ಕೆಂದೇ ಒಬ್ಬನು ನಿಂತಿರುತ್ತಾನೆ. ಅವನ ಬೆನ್ನ ಹಿಂದೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಲೆ. ಉಳಿದ ಐವರು ಒಂದು ನಿಮಿಷಕ್ಕೊಮ್ಮೆಯೋ ಅದಕ್ಕೂ ಮೊದಲೋ ಬೆಂಚಿಗೆ ಬಂದು ಉಸಿರು ಸುಧಾರಿಸಿಕೊಳ್ಳುತ್ತಾರೆ, ಅವರ ಜಾಗಕ್ಕೆ ಬೇರೆಯವರು ಇಳಿಯುತ್ತಾರೆ. ಗೋಲ್‌ಕೀಪರನಿಗೆ ಆ ಸೌಲಭ್ಯವಿಲ್ಲ. ಆಟದ ಅರವತ್ತು ನಿಮಿಷವೂ ಅವನು ಅಲ್ಲಿಯೇ. ಅವನನ್ನು ದಾಟಿ ಬಿಲ್ಲೆಯು ಬಲೆಗೆ ಬಿದ್ದರೆ ಹಿಂಬದಿಯಲ್ಲಿ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ. ಎದುರಾಳಿಗಳ ಜಾಣ್ಮೆಯೇ ಇರಲಿ, ತನ್ನವರ ಅಜಾಗರೂಕತೆಯೇ ಇರಲಿ, ದೀಪ ಹೊತ್ತುವುದು ಮಾತ್ರ ಇವನ ಹಿಂದೆ. ಮುಂದೆ ಆಡುವವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ವೀರನೆನಿಸುತ್ತಾನೆ. ಇವನು ಮೂವತ್ತು ಸಲ ತಡೆದು ಮೂವತ್ತೊಂದನೆಯದನ್ನು ಬಿಟ್ಟರೆ ಜನ ನೆನಪಿಟ್ಟುಕೊಳ್ಳುವುದು ಆ ಒಂದನ್ನೇ.

ಈ ಕೆಲಸದ ಕುರಿತು ಜಾಕ್ ಪ್ಲಾಂಟ್ ಎಂಬ ಗೋಲ್‌ಕೀಪರರ ಹೆಸರಿನಲ್ಲಿ ಒಂದು ಮಾತು ಪ್ರಸಿದ್ಧವಾಗಿದೆ. ನೀವು ಕಚೇರಿಯಲ್ಲಿ ಒಂದು ತಪ್ಪು ಮಾಡಿದಾಗಲೆಲ್ಲ ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡು, ಹದಿನೆಂಟು ಸಾವಿರ ಮಂದಿ ಒಟ್ಟಿಗೆ ಛೀಮಾರಿ ಹಾಕುವುದಾದರೆ ಅಂಥ ಉದ್ಯೋಗ ನಿಮಗೆ ಹಿಡಿಸೀತೇ ಎಂದು ಅವರು ಕೇಳುತ್ತಿದ್ದರಂತೆ. ಇಂದು ನಾನು ನಿಮಗೆ ಹೇಳಹೊರಟಿರುವುದು ಅವರ ಕಥೆಯನ್ನು.

ನನಗೂ ಈ ಆಟಕ್ಕೂ ಏನು ಸಂಬಂಧವೆಂದು ನೀವು ಕೇಳುವುದು ನ್ಯಾಯವೇ. ಕೆಲವು ವರ್ಷಗಳ ಹಿಂದೆ ರಜೆಯ ಮೇಲೆ ಹೋದ ಗುರುಗಳೊಬ್ಬರ ಬದಲಿಗೆ ಕೆನಡಾದ ಒಂದು ಧರ್ಮಕೇಂದ್ರದಲ್ಲಿ ಮೂರು ತಿಂಗಳು ಸೇವೆ ಸಲ್ಲಿಸುವ ಅವಕಾಶ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಶಿವಮೊಗ್ಗದ ಕಡೆಯಿಂದ ವಲಸೆ ಹೋಗಿ ನೆಲೆಸಿದ ಒಂದು ಕುಟುಂಬದ ಪರಿಚಯವಾಯಿತು. ಅವರ ಹನ್ನೊಂದು ವರ್ಷದ ಮಗ ಗೋಲ್‌ಕೀಪರ್. ಅಲ್ಲಿಯವರು ಅದನ್ನು ಚಿಕ್ಕದಾಗಿ ‘ಗೋಲಿ’ ಎನ್ನುತ್ತಾರೆ. “ನಮ್ಮ ಹುಡುಗ ಗೋಲಿ ಫಾದರ್” ಎಂದು ಆ ತಾಯಿ ಹೆಮ್ಮೆಯಿಂದ ಹೇಳಿದಾಗ, ಊರಿನ ಅಂಗಳದಲ್ಲಿ ಗೋಲಿಯಾಡಿ ಬೆಳೆದ ನನಗೆ ನಗು ತಡೆಯಲಾಗಲಿಲ್ಲ.

ಒಂದು ಶನಿವಾರ ಬೆಳಗಿನ ಜಾವ ಐದಕ್ಕೆ ಅವರೊಡನೆ ನಾನೂ ಅಂಕಣಕ್ಕೆ ಹೋದೆ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಆ ತಾಯಿ ಮೊಣಕಾಲೂರಿ ಕುಳಿತು ಮಗನ ಕಾಲಿಗೆ ದಿಂಬಿನಂತಹ ಪಟ್ಟಿಗಳನ್ನು ಬಿಗಿದರು, ಎದೆಗೆ ಕವಚ ತೊಡಿಸಿದರು, ಕಡೆಯಲ್ಲಿ ತಲೆಯನ್ನೂ ಮುಖವನ್ನೂ ಪೂರ್ಣವಾಗಿ ಮುಚ್ಚುವ ಕಂಬಿಯ ಮುಖಕವಚವನ್ನು ಹಾಕಿ ಕೊಂಡಿಯನ್ನು ಎರಡು ಸಲ ಎಳೆದು ನೋಡಿದರು. “ಇದು ಇಲ್ದೇ ಹೋದ್ರೆ ಒಳಗೇ ಬಿಡಲ್ಲ ಫಾದರ್. ಬಿಟ್ರೂ ನಾನು ಕಳಿಸಲ್ಲ” ಎಂದರು. ಹುಡುಗನು ಒಳಗಿನಿಂದ ಏನೋ ಗೊಣಗಿದನು. ಆ ಮೇಲಿನ ಒಂದು ಗಂಟೆ ಅವನ ಮೇಲೆ ಬಿಲ್ಲೆಗಳ ಮಳೆಯೇ ಸುರಿಯಿತು. ಒಂದೆರಡು ನೇರವಾಗಿ ಮುಖಕ್ಕೇ ಬಡಿದವು. ಠಣ್ ಎಂಬ ಸದ್ದು ಕೇಳಿದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು. ತಾಯಿ ಮಾತ್ರ ಬಿಸಿ ಕಾಫಿ ಹೀರುತ್ತ ಕುಳಿತಿದ್ದರು.

ಆ ಸಂಗತಿಯನ್ನು ನಮ್ಮ ದೇವಾಲಯದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಹೇಳಿದೆ. ಅವರು ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಮಾತನಾಡುವ ಮನೆತನದವರು. ತಾವು ಹತ್ತು ವರ್ಷದ ಬಾಲಕರಾಗಿದ್ದಾಗ ಗೋಲ್‌ಕೀಪರರು ಬರಿ ಮುಖದಲ್ಲಿ ನಿಲ್ಲುತ್ತಿದ್ದರೆಂದೂ, ಮೊದಲ ಬಾರಿಗೆ ಮುಖ ಮುಚ್ಚಿಕೊಂಡು ಆಡಿದ ಪ್ಲಾಂಟ್ ಅವರನ್ನು ತಮ್ಮ ತಂದೆ ಊಟದ ಮೇಜಿನ ಬಳಿಯೇ ‘ಹೇಡಿ’ ಎಂದು ಜರೆದರೆಂದೂ ಅವರು ನೆನಪಿಸಿಕೊಂಡರು. ಆ ಒಂದು ಪದ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅನಂತರ ಪ್ಲಾಂಟ್ ಅವರ ಕುರಿತು ಸಿಕ್ಕಿದುದನ್ನೆಲ್ಲ ಓದಿದೆ.

ಜಾಕ್ ಪ್ಲಾಂಟ್ ಹುಟ್ಟಿದ್ದು 1929ರ ಜನವರಿ 17ರಂದು, ಕ್ವಿಬೆಕ್ಕಿನಲ್ಲಿ ಕಾರ್ಮೆಲ್ ಮಾತೆಯ ಹೆಸರನ್ನೇ ಹೊತ್ತ ಒಂದು ಹಳ್ಳಿಯ ಬಳಿಯ ಹೊಲಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಹಿರಿಯವನು. ಕುಟುಂಬವು ಶಾವಿನಿಗನ್ ಎಂಬ ಕೈಗಾರಿಕಾ ಪಟ್ಟಣಕ್ಕೆ ಬಂದಿತು. ತಂದೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೂಲಿಕಾರ. ಹುಡುಗನಿಗೆ ಎಳೆತನದಿಂದಲೇ ಉಬ್ಬಸ. ಹೆಚ್ಚು ಹೊತ್ತು ಜಾರಿ ಓಡಿದರೆ ಉಸಿರು ಕಟ್ಟುತ್ತಿತ್ತು. ಓಡಲಾರದವನು ನಿಲ್ಲಬಹುದಲ್ಲವೇ? ಹೀಗೆ ಅವನು ಬಲೆಯ ಮುಂದೆ ನಿಂತನು. ಐದನೆಯ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಕೈ ಮುರಿದುಕೊಂಡಿದ್ದನು. ಅದು ಸರಿಯಾಗಿ ಕೂಡಿಕೊಳ್ಳದೆ, ದೊಡ್ಡವನಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರೆಗೂ ಕಾಡಿತು.

ಬಡತನದ ಮನೆಯ ಜಾಣ್ಮೆಯನ್ನು ನೀವು ಬಲ್ಲಿರಿ. ತಂದೆಯು ಮರದ ಬೇರೊಂದನ್ನು ಕೆತ್ತಿ ಮಗನಿಗೆ ಮೊದಲ ಕೋಲನ್ನು ಮಾಡಿಕೊಟ್ಟನು. ಆಲೂಗಡ್ಡೆಯ ಚೀಲಗಳಿಗೆ ಮೆತ್ತೆ ತುಂಬಿ, ಮರದ ಹಲಗೆಯ ಆಸರೆ ಕೊಟ್ಟು ಕಾಲಿನ ಪಟ್ಟಿ ಹೊಲಿದನು. ಅಂಗಡಿಯಲ್ಲಿ ಕೊಂಡ ಕೋಲು ಕೈಗೆ ಬಂದದ್ದು 1936ರ ಕ್ರಿಸ್ಮಸ್ ಹಬ್ಬಕ್ಕೆ. ಬಯಲಿನಲ್ಲಿ ಆಡುವಾಗ ಕಿವಿ ಹೆಪ್ಪುಗಟ್ಟದಿರಲೆಂದು ತಾಯಿಯು ಅವನಿಗೆ ಉಣ್ಣೆಯ ಟೋಪಿ ಹೆಣೆಯುವುದನ್ನು ಕಲಿಸಿದಳು. ಹೆಣಿಗೆಯನ್ನೂ ಕಸೂತಿಯನ್ನೂ ಆತನು ಬದುಕಿನುದ್ದಕ್ಕೂ ಬಿಡಲಿಲ್ಲ. ಕಟ್ಟುಮಸ್ತಾದ ಆಟಗಾರರ ನಡುವೆ ಸೂಜಿ ನೂಲು ಹಿಡಿದು ಕುಳಿತವನನ್ನು ಕಂಡು ಎಷ್ಟು ಮಂದಿ ನಕ್ಕಿರಬೇಡ! ಆ ನಗೆಗೆ ಆತ ಸೊಪ್ಪು ಹಾಕಲಿಲ್ಲ ಎಂಬುದನ್ನು ಗಮನಿಸಿ. ಮುಂದೆ ಅದು ಕೆಲಸಕ್ಕೆ ಬಂದಿತು.

ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ತಂಡದ ಅಭ್ಯಾಸವನ್ನು ನೋಡುತ್ತಿದ್ದಾಗ ತರಬೇತುದಾರನಿಗೂ ಗೋಲ್‌ಕೀಪರನಿಗೂ ಜಗಳವಾಯಿತು. ಗೋಲ್‌ಕೀಪರನನ್ನು ಹೊರಗೆ ಕಳುಹಿಸಲಾಯಿತು. ನಾನು ನಿಲ್ಲಲೇ ಎಂದು ಕೇಳಿದ ಈ ಹುಡುಗನು ತನಗಿಂತ ಎಷ್ಟೋ ದೊಡ್ಡವರ ಹೊಡೆತಗಳನ್ನು ತಡೆದು ಆ ಸ್ಥಾನವನ್ನು ತನ್ನದಾಗಿಸಿಕೊಂಡನು. ಎರಡು ವರ್ಷಗಳಲ್ಲಿ ಐದು ತಂಡಗಳಿಗೆ ಆಡುತ್ತಿದ್ದನು. ಅವುಗಳಲ್ಲೊಂದು ಕಾರ್ಖಾನೆಯ ತಂಡ. ಉಳಿದ ಆಟಗಾರರು ಕಾರ್ಖಾನೆಯ ನೌಕರರಾದ್ದರಿಂದ ಅವರಿಗೆ ಸಂಬಳ ಸಿಗುತ್ತದೆಂದು ತಂದೆಯಿಂದ ತಿಳಿದ ಹುಡುಗ, ನನಗೂ ಕೊಡಿ ಎಂದು ಕೇಳಿಯೇಬಿಟ್ಟನು. ಪಂದ್ಯವೊಂದಕ್ಕೆ ಐವತ್ತು ಸೆಂಟ್ ನಿಗದಿಯಾಯಿತು. ಅವರ ವೃತ್ತಿಜೀವನದ ಆರಂಭವನ್ನು ನಾನು ಅಲ್ಲಿಂದಲೇ ಎಣಿಸುತ್ತೇನೆ.

ಮಾಂಟ್ರಿಯಲ್ ಕೆನಡಿಯನ್ಸ್ ಎಂಬುದು ಫ್ರೆಂಚ್ ಕೆನಡಿಯನ್ನರ ಪಾಲಿಗೆ ಬರಿಯ ತಂಡವಲ್ಲ, ಮನೆದೇವರಷ್ಟೇ ಹತ್ತಿರದ್ದು. ಆ ತಂಡದ ಮೊದಲ ಪ್ರಸಿದ್ಧ ಗೋಲ್‌ಕೀಪರ್ ಜಾರ್ಜ್ ವೆಝಿನಾ 1925ರಲ್ಲಿ ಜ್ವರದಲ್ಲಿಯೇ ಆಡುತ್ತ ಅಂಕಣದಲ್ಲಿ ಕುಸಿದು, ಮರುವರ್ಷ ಕ್ಷಯರೋಗದಿಂದ ತೀರಿಕೊಂಡಿದ್ದರು. ಶ್ರೇಷ್ಠ ಗೋಲ್‌ಕೀಪರನಿಗೆ ಕೊಡುವ ಪಾರಿತೋಷಕಕ್ಕೆ ಇಂದಿಗೂ ಅವರ ಹೆಸರಿದೆ. ಪ್ಲಾಂಟ್ ಈ ತಂಡಕ್ಕೆ ಮೊದಲು ಆಡಿದ್ದು 1952ರಲ್ಲಿ. 1956ರಿಂದ 1960ರವರೆಗೆ ತಂಡವು ಸತತವಾಗಿ ಐದು ಸಲ ಸ್ಟ್ಯಾನ್ಲಿ ಕಪ್ ಗೆದ್ದಿತು. ಅದು ಇಂದಿಗೂ ಯಾರೂ ಮುರಿಯದ ದಾಖಲೆ. ಆ ಐದು ವರ್ಷವೂ ವೆಝಿನಾ ಪಾರಿತೋಷಕ ಪ್ಲಾಂಟ್ ಅವರದೇ.

ಅವರು ಬಲೆಗೆ ಅಂಟಿಕೊಂಡು ನಿಲ್ಲುತ್ತಿರಲಿಲ್ಲ. ಅಂದಿನ ಗೋಲ್‌ಕೀಪರರು ತಮ್ಮ ಗಡಿಯನ್ನು ಬಿಟ್ಟು ಕದಲುವುದೇ ಅಪಚಾರವೆಂಬ ಭಾವನೆಯಿತ್ತು. ಪ್ಲಾಂಟ್ ಬಲೆಯ ಹಿಂದಕ್ಕೆ ಹೋಗಿ ಬಿಲ್ಲೆಯನ್ನು ತಡೆದು ತನ್ನವರಿಗೆ ದಾಟಿಸುತ್ತಿದ್ದರು. ಕೈಯೆತ್ತಿ ಸನ್ನೆ ಮಾಡುತ್ತಿದ್ದರು. ಕೂಗಿ ರಕ್ಷಕರಿಗೆ ಎಚ್ಚರಿಕೆ ಕೊಡುತ್ತಿದ್ದರು. ಇವೆಲ್ಲ ಇಂದು ಪ್ರತಿಯೊಬ್ಬ ಗೋಲ್‌ಕೀಪರನೂ ಮಾಡುವ ಕೆಲಸಗಳು. ಇನ್ನೊಂದು ಸ್ವಾರಸ್ಯದ ಸಂಗತಿ: ಕೆಲವು ಊರುಗಳ ಬಲೆಯ ಮೇಲಿನ ಅಡ್ಡಕಂಬಿ ನಿಯಮಕ್ಕಿಂತ ತಗ್ಗಾಗಿದೆ, ನನ್ನ ಬೆನ್ನಿಗೆ ಅದು ತಾಗುವ ಜಾಗವೇ ಬೇರೆ ಎಂದು ಅವರು ಹಟ ಹಿಡಿದರು. ಜನ ನಕ್ಕರು. ಅಳೆದು ನೋಡಿದಾಗ ಅವರ ಮಾತೇ ನಿಜವಾಗಿತ್ತು.

ಇನ್ನು ಮುಖದ ವಿಚಾರ. ಆ ದಿನಗಳಲ್ಲಿ ಗೋಲ್‌ಕೀಪರನ ಕಾಲು, ಎದೆ, ಕೈಗಳಿಗೆಲ್ಲ ರಕ್ಷಣೆಯಿತ್ತು. ಮುಖ ಮಾತ್ರ ಬಯಲು. ಬಿಲ್ಲೆಯು ಪ್ಲಾಂಟ್ ಅವರ ಒಂದು ಕೆನ್ನೆಯ ಮೂಳೆಯನ್ನು ಮುರಿಯಿತು; ಮರುವರ್ಷ ಇನ್ನೊಂದನ್ನೂ ಮುರಿಯಿತು. ಎರಡೂ ಅಭ್ಯಾಸದ ವೇಳೆ, ತನ್ನದೇ ತಂಡದವರ ಹೊಡೆತಕ್ಕೆ ಆದವು. ಮೂಗಿನ ಸೈನಸ್ ತೊಂದರೆಯಿಂದ ಹದಿಮೂರು ಪಂದ್ಯಗಳನ್ನು ಕಳೆದುಕೊಂಡ ಮೇಲೆ, 1956ರಿಂದ ಅಭ್ಯಾಸದಲ್ಲಿ ಮುಖಕವಚ ತೊಡತೊಡಗಿದರು. ಬಿಲ್ ಬರ್ಚ್‌ಮೋರ್ ಎಂಬವರು ಅವರ ಮುಖದ ಅಚ್ಚು ತೆಗೆದು, ಫೈಬರ್‌ಗ್ಲಾಸ್‌ನಿಂದ ಚರ್ಮಕ್ಕೆ ಒತ್ತಿಕೊಳ್ಳುವಂಥ ತೆಳುವಾದ ಕವಚವೊಂದನ್ನು ಸಿದ್ಧಪಡಿಸಿಕೊಟ್ಟರು. ಪಂದ್ಯದಲ್ಲಿ ಅದನ್ನು ತೊಡಲು ಮಾತ್ರ ತರಬೇತುದಾರ ಟೋ ಬ್ಲೇಕ್ ಸಮ್ಮತಿಸಲಿಲ್ಲ. ಕಾಲ ಬುಡದಲ್ಲಿರುವ ಬಿಲ್ಲೆ ಕಾಣಿಸದು, ಹೆದರಿಕೆಯಿಲ್ಲದವನು ಮೈಮರೆಯುತ್ತಾನೆ ಎಂಬುದು ಅವರ ವಾದ.

ಓದುಗರೇ, ಬ್ಲೇಕ್ ದುಷ್ಟರೇನೂ ಅಲ್ಲ. ತಮ್ಮ ಕಾಲದ ನಂಬಿಕೆಯನ್ನು ಅವರೂ ನಂಬಿದ್ದರು ಅಷ್ಟೇ. ಮುಖಕವಚದ ಪ್ರಯತ್ನ ಮೊದಲೇ ಇರಲಿಲ್ಲವೆಂದಲ್ಲ. 1927ರಲ್ಲಿ ಎಲಿಜಬೆತ್ ಗ್ರಹಾಂ ಎಂಬ ಕಾಲೇಜು ತರುಣಿ ಕತ್ತಿವರಸೆಯವರ ಕವಚವನ್ನು ತೊಟ್ಟು ಬಲೆ ಕಾದಿದ್ದಳು. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಮುರಿದ ಮೂಗಿನ ಮೇಲೆ ಚರ್ಮದ ಕವಚ ಕಟ್ಟಿಕೊಂಡು ಕೆಲವು ಪಂದ್ಯ ಆಡಿ, ಕಣ್ಣಿಗೆ ಅಡ್ಡವಾಗುತ್ತದೆಂದು ಬಿಟ್ಟರು. ಅನಂತರ ಸುಮಾರು ಮೂವತ್ತು ವರ್ಷ ರಾಷ್ಟ್ರೀಯ ಹಾಕಿ ಲೀಗಿನಲ್ಲಿ ಯಾರೂ ಆ ಧೈರ್ಯ ಮಾಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಆಗ ಲೀಗಿನಲ್ಲಿ ಇದ್ದದ್ದು ಆರೇ ತಂಡಗಳು. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅಂದರೆ ಇಡೀ ಲೀಗಿನಲ್ಲಿ ಆ ಉದ್ಯೋಗದ ಸ್ಥಾನಗಳು ಆರು. ಭಯವಾಗುತ್ತದೆ ಎಂದವನ ಜಾಗಕ್ಕೆ ಬರಲು ಕೆಳಗಿನ ಲೀಗುಗಳಲ್ಲಿ ಎಷ್ಟೋ ತರುಣರು ಕಾದಿದ್ದರು. ಹೊಟ್ಟೆಪಾಡು ಕಲಿಸಿದ ಶೌರ್ಯವನ್ನು ಜನ ಸಹಜ ಶೌರ್ಯವೆಂದು ಕೊಂಡಾಡುತ್ತಿದ್ದರು.

ಆ ಶೌರ್ಯದ ಬೆಲೆಯನ್ನೂ ನೋಡಿ. ಡೆಟ್ರಾಯಿಟ್ ತಂಡದ ಟೆರ್ರಿ ಸಾಚುಕ್ ಮುಖಕವಚ ತೊಡುವ ಹೊತ್ತಿಗೆ ಅವರ ಮುಖಕ್ಕೆ ಬಿದ್ದ ಹೊಲಿಗೆಗಳು ನಾನೂರರಷ್ಟು. 1966ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ, ಬಣ್ಣಗಾರನ ಕೈಯಿಂದ ಆ ಹಳೆಯ ಹೊಲಿಗೆಗಳನ್ನು ಮತ್ತೆ ಬರೆಯಿಸಿ ಅವರ ಭಾವಚಿತ್ರವೊಂದನ್ನು ಪ್ರಕಟಿಸಿತು. ನೋಡಿದವರು ಸುಲಭವಾಗಿ ಮರೆಯುವಂಥದ್ದಲ್ಲ. ಗ್ಲೆನ್ ಹಾಲ್ ಎಂಬವರು 1955ರಿಂದ 1962ರವರೆಗೆ ಒಂದನ್ನೂ ತಪ್ಪಿಸದೆ 502 ಪಂದ್ಯಗಳನ್ನು ಬರಿ ಮುಖದಲ್ಲಿ ಆಡಿದರು. ಪ್ರತಿ ಪಂದ್ಯಕ್ಕೆ ಮುನ್ನ ಅವರಿಗೆ ವಾಂತಿಯಾಗುತ್ತಿತ್ತು. ಬಾಯಿ ತೊಳೆದುಕೊಂಡು ಬಂದು ಬಲೆಯ ಮುಂದೆ ನಿಲ್ಲುತ್ತಿದ್ದರು.

1959ರ ನವೆಂಬರ್ 1. ಅಂದು ಭಾನುವಾರ, ಸಕಲ ಸಂತರ ಹಬ್ಬ. ಸಂಜೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಂಜರ್ಸ್ ತಂಡದ ವಿರುದ್ಧ ಪಂದ್ಯ. ಆಟ ಶುರುವಾಗಿ ಕೆಲವೇ ನಿಮಿಷಗಳಾಗಿದ್ದವು. ಆಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆಯು ನೇರವಾಗಿ ಪ್ಲಾಂಟ್ ಅವರ ಮುಖಕ್ಕೆ ಬಡಿದು ಮೂಗಿನ ಪಕ್ಕದಿಂದ ತುಟಿಯವರೆಗೆ ಸೀಳಿತು. ಅದಕ್ಕೆ ಸ್ವಲ್ಪ ಮೊದಲು ಪ್ಲಾಂಟ್ ತಮ್ಮನ್ನು ಬೀಳಿಸಿದ್ದರೆಂದೂ, ಆ ಸಿಟ್ಟಿಗೆ ತಾವು ಬೇಕೆಂದೇ ಮುಖಕ್ಕೆ ಗುರಿಯಿಟ್ಟರೆಂದೂ ಬಾತ್‌ಗೇಟ್ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡರು. ಮಂಜುಗಡ್ಡೆಯ ಮೇಲೆ ರಕ್ತ. ಪ್ಲಾಂಟ್ ಅವರನ್ನು ಒಳಗೆ ಕರೆದೊಯ್ದು ಹೊಲಿಗೆ ಹಾಕಿದರು. ಸುಮಾರು ಇಪ್ಪತ್ತು ನಿಮಿಷ ಆಟ ನಿಂತಿತು. ಬೆಂಚಿನಲ್ಲಿ ಬದಲಿ ಗೋಲ್‌ಕೀಪರ್ ಇರುವ ಪದ್ಧತಿಯೇ ಆಗ ಇರಲಿಲ್ಲ.

ಮುಖಕವಚವಿಲ್ಲದೆ ನಾನು ಮರಳಿ ಹೋಗಲಾರೆ ಎಂದರು ಪ್ಲಾಂಟ್.

ಬ್ಲೇಕ್ ಅವರ ಮುಂದೆ ಬೇರೆ ದಾರಿಯಿರಲಿಲ್ಲ. ಗಾಯ ಮಾಯುವವರೆಗೆ ಮಾತ್ರ ಎಂದು ಒಪ್ಪಿದರು. ಹೊಲಿಗೆ ಹಾಕಿದ ಮುಖದ ಮೇಲೆ ಆ ಮಸುಕು ಬಣ್ಣದ ಕವಚ ತೊಟ್ಟು ಪ್ಲಾಂಟ್ ಅಂಕಣಕ್ಕೆ ಬಂದರು. ಮಾಂಟ್ರಿಯಲ್ ತಂಡ 3-1ರಲ್ಲಿ ಗೆದ್ದಿತು. ಗಾಯ ಮಾಯಿತು, ಅವರು ಕವಚವನ್ನು ತೆಗೆಯಲಿಲ್ಲ. ತಂಡವು ಸತತ ಹದಿನೆಂಟು ಪಂದ್ಯಗಳಲ್ಲಿ ಸೋಲು ಕಾಣಲಿಲ್ಲವಾದ್ದರಿಂದ ತರಬೇತುದಾರರ ಗೊಣಗಾಟವೂ ಕಡಿಮೆಯಾಯಿತು. 1960ರ ಮಾರ್ಚ್ 8ರಂದು ಬ್ಲೇಕ್ ಅವರ ಒತ್ತಾಯಕ್ಕೆ ಮಣಿದು ಡೆಟ್ರಾಯಿಟ್ ವಿರುದ್ಧ ಒಮ್ಮೆ ಬರಿ ಮುಖದಲ್ಲಿ ನಿಂತರು. ತಂಡ 3-0ರಿಂದ ಸೋತಿತು. ಮುಂದಿನ ಪಂದ್ಯಕ್ಕೆ ಕವಚ ಮರಳಿತು, ಮತ್ತೆಂದೂ ಇಳಿಯಲಿಲ್ಲ.

ಗೆದ್ದುದರಿಂದ ಅವರ ಮಾತು ನಡೆಯಿತು ಎಂಬುದು ನನ್ನನ್ನು ಸ್ವಲ್ಪ ಕಾಡುತ್ತದೆ. ಆ ಹದಿನೆಂಟರಲ್ಲಿ ಮೊದಲ ಮೂರು ಪಂದ್ಯ ಸೋತಿದ್ದರೆ? ಒಬ್ಬ ಮನುಷ್ಯನ ಕಣ್ಣು ಮೂಗುಗಳನ್ನು ಉಳಿಸಿಕೊಳ್ಳುವ ಹಕ್ಕಿಗೆ ಅಂಕಪಟ್ಟಿಯ ಸಾಕ್ಷಿ ಬೇಕಾಯಿತೇ?

ಮುಖಕವಚವೆಂದರೆ ನಿಮಗೆ ಹೆದರಿಕೆಯೇ ಎಂದು ಕೇಳಿದವರಿಗೆ, ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರಿದರೆ ಅದನ್ನು ಧೈರ್ಯವೆನ್ನುತ್ತೀರೋ ಎಂದು ಅವರು ಮರುಪ್ರಶ್ನೆ ಹಾಕುತ್ತಿದ್ದರೆಂದು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ಗುರುಮಠದ ದಿನಗಳಲ್ಲಿ ಕಲಿತ ಸಂತ ತೋಮಸ್ ಅಕ್ವಿನಾಸರ ವಿಚಾರ ನೆನಪಾಯಿತು. ಧೈರ್ಯವೆಂಬ ಸದ್ಗುಣದ ಮುಖ್ಯ ಕ್ರಿಯೆ ಮೇಲೇರಿ ಹೋಗುವುದಲ್ಲ, ತಾಳಿಕೊಂಡು ನಿಲ್ಲುವುದು ಎನ್ನುತ್ತಾರೆ ಅವರು. ಆಕ್ರಮಿಸುವವನಿಗೆ ತಾನೇ ಬಲಶಾಲಿ ಎಂಬ ಭಾವವಿರುತ್ತದೆ, ಅಪಾಯ ಇನ್ನೂ ದೂರದಲ್ಲಿರುತ್ತದೆ; ತಾಳಿಕೊಳ್ಳುವವನಿಗೆ ಅಪಾಯ ಎದುರಿಗೇ ಇರುತ್ತದೆ, ಮತ್ತು ಅವನು ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಗೋಲ್‌ಕೀಪರನ ಕೆಲಸಕ್ಕೆ ಇದಕ್ಕಿಂತ ಒಪ್ಪುವ ವಿವರಣೆಯನ್ನು ನಾನು ಕಾಣೆ. ಅದಕ್ಕೂ ಮುಖ್ಯವಾದದ್ದು ಇನ್ನೊಂದಿದೆ. ಹೆದರಬೇಕಾದುದಕ್ಕೆ ಹೆದರದಿರುವುದನ್ನೂ ಅಕ್ವಿನಾಸರು ದೋಷಗಳ ಸಾಲಿಗೇ ಸೇರಿಸುತ್ತಾರೆ. ನಿರ್ಭೀತಿಯೆಲ್ಲ ಧೈರ್ಯವಲ್ಲ, ತನ್ನ ಜೀವದ ಮೇಲೆ ಇರಬೇಕಾದ ಪ್ರೀತಿಯೇ ಕಡಿಮೆಯಾದಾಗಲೂ ಮನುಷ್ಯನು ನಿರ್ಭೀತನಾಗುತ್ತಾನೆ. ಅರವತ್ತು ನಿಮಿಷ ಬಲೆಯ ಮುಂದೆ ನಿಂತು, ಅದೇ ಹೊತ್ತಿಗೆ ತನ್ನ ಮುಖವನ್ನು ಕಾಪಾಡಿಕೊಂಡ ಪ್ಲಾಂಟ್ ಅವರಲ್ಲಿ ನನಗೆ ಎರಡೂ ಒಟ್ಟಿಗೆ ಕಾಣಿಸುತ್ತವೆ. ಅವರನ್ನು ‘ಹೇಡಿ’ ಎಂದವರೆಲ್ಲ ಕುರ್ಚಿಯ ಮೇಲೆ ಕುಳಿತವರು ಎಂಬುದನ್ನು ಮಾತ್ರ ಮರೆಯಬಾರದು. ಗೋಲ್‌ಕೀಪರರಲ್ಲೂ ಕೆಲವರು ಹಾಗೆಯೇ ಎಣಿಸಿದ್ದು ನಿಜ. ಗಂಪ್ ವರ್ಸ್‌ಲಿ ಎಂಬವರು ನನ್ನ ಮುಖವೇ ನನ್ನ ಕವಚ ಎಂದು ತಮಾಷೆ ಮಾಡುತ್ತಿದ್ದರು. ಅವರೂ ವೃತ್ತಿಯ ಕಟ್ಟಕಡೆಯ ಕೆಲವು ಪಂದ್ಯಗಳಲ್ಲಿ ಕವಚ ತೊಟ್ಟರು.

ಪ್ಲಾಂಟ್ ಅವರನ್ನು ನಾನು ಪೀಠಕ್ಕೇರಿಸಲು ಹೊರಟಿಲ್ಲ. ಅವರು ಒಗ್ಗದ ಮನುಷ್ಯ. ಜೊತೆಗಾರರೊಡನೆ ಹೆಚ್ಚು ಬೆರೆಯುತ್ತಿರಲಿಲ್ಲ. ಕೈ ಬಿಗಿ ಎಂಬ ಮಾತಿತ್ತು. ತನ್ನ ಆಟದ ಬಗ್ಗೆ ತಾನೇ ವಿಸ್ತಾರವಾಗಿ ಹೇಳಿಕೊಳ್ಳುವ ಚಾಳಿಯಿತ್ತು. ಉಬ್ಬಸದ ಕಾರಣಕ್ಕೆ ಕೆಲವು ಊರುಗಳಲ್ಲಿ ತಂಡದಿಂದ ಬೇರೆಯಾಗಿ ತಂಗುತ್ತಿದ್ದರು. ಕಾಯಿಲೆ ನಿಜವೋ ನೆಪವೋ ಎಂದು ಬ್ಲೇಕ್ ಅವರಿಗೆ ಸಂಶಯ. ದಣಿವರಿಯದೆ ಉಸಿರಾಡುವವರಿಗೆ ಉಬ್ಬಸದವನ ಕಷ್ಟ ಅರ್ಥವಾಗುವುದು ಕಷ್ಟವೇ. 1962ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕ ಅವರಿಗೆ ದೊರೆಯಿತು. ಅವರ ನಂತರ ಇನ್ನೊಬ್ಬ ಗೋಲ್‌ಕೀಪರನಿಗೆ ಅದು ದೊರೆತದ್ದು 1997ರಲ್ಲಿ. ಅಂಥವರನ್ನು ಮರುವರ್ಷವೇ, 1963ರಲ್ಲಿ, ಕೆನಡಿಯನ್ಸ್ ತಂಡವು ನ್ಯೂಯಾರ್ಕಿಗೆ ಕೊಟ್ಟುಬಿಟ್ಟಿತು. ಅಲ್ಲಿ ಹೆಚ್ಚೇನೂ ಸಾಧ್ಯವಾಗದೆ 1965ರಲ್ಲಿ ನಿವೃತ್ತರಾದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1968ರಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಸೇಂಟ್ ಲೂಯಿಸ್ ಬ್ಲೂಸ್ ಎಂಬ ಹೊಸ ತಂಡಕ್ಕೆ ಬಂದರು. ಜೊತೆಗಾರ ಯಾರು ಗೊತ್ತೇ? ಪಂದ್ಯಕ್ಕೆ ಮುನ್ನ ವಾಂತಿ ಮಾಡಿಕೊಳ್ಳುತ್ತಿದ್ದ ಅದೇ ಗ್ಲೆನ್ ಹಾಲ್. ಆ ಹೊತ್ತಿಗೆ ಹಾಲ್ ಅವರೂ ಮುಖಕವಚ ತೊಟ್ಟಿದ್ದರು. ಈ ಇಬ್ಬರು ವಯಸ್ಸಾದವರು ಸರದಿಯಲ್ಲಿ ಬಲೆ ಕಾದು, 1969ರ ವೆಝಿನಾ ಪಾರಿತೋಷಕವನ್ನು ಹಂಚಿಕೊಂಡರು. ಪ್ಲಾಂಟ್ ಅವರಿಗೆ ಅದು ಏಳನೆಯದು.

ಮುಂದಿನ ವರ್ಷ, 1970ರ ಮೇ 3ರಂದು, ಸ್ಟ್ಯಾನ್ಲಿ ಕಪ್ ಅಂತಿಮ ಸರಣಿಯ ಮೊದಲ ಪಂದ್ಯ. ಬಾಸ್ಟನ್ ತಂಡದವರು ಹೊಡೆದ ಬಿಲ್ಲೆಯು ನಡುವೆ ಕೋಲೊಂದಕ್ಕೆ ತಾಗಿ ದಿಕ್ಕು ಬದಲಿಸಿ ಪ್ಲಾಂಟ್ ಅವರ ಹಣೆಗೆ ಅಪ್ಪಳಿಸಿತು. ಕವಚ ಬಿರುಕುಬಿಟ್ಟಿತು. ಅವರು ಪ್ರಜ್ಞೆ ತಪ್ಪಿ ಬಿದ್ದರು, ಆಸ್ಪತ್ರೆಗೆ ಸಾಗಿಸಿದರು. ಆ ಕವಚವೇ ತನ್ನ ಜೀವ ಉಳಿಸಿತು ಎಂದು ಅನಂತರ ಹೇಳಿದರು. ಹತ್ತೂವರೆ ವರ್ಷಗಳ ಹಿಂದೆ ಆ ಹಬ್ಬದ ಸಂಜೆ ಅವರು ಮಣಿದಿದ್ದರೆ, ಆ ದಿನ ಆ ಹಣೆಯ ಮೇಲೆ ಏನಿರುತ್ತಿತ್ತೆಂದು ಯೋಚಿಸಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅದಾದ ಮೇಲೂ ಅವರು ಆಡಿದರು! ಟೊರಾಂಟೊ ತಂಡದಲ್ಲಿ 1970-71ರ ಋತುವಿನಲ್ಲಿ ನಲವತ್ತೆರಡರ ಈ ಮನುಷ್ಯ ಪಂದ್ಯವೊಂದಕ್ಕೆ ಸರಾಸರಿ 1.88 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟರು. ಲೀಗಿನಲ್ಲಿಯೇ ಅದು ಎಲ್ಲರಿಗಿಂತ ಕಡಿಮೆ. ಅಲ್ಲಿ ಅವರಿಗೆ ಬರ್ನಿ ಪೆರಾಂಟ್ ಎಂಬ ತರುಣ ಜೊತೆಯಾದನು. ಬಾಲ್ಯದಿಂದಲೂ ಪ್ಲಾಂಟ್ ಅವರನ್ನೇ ಆದರ್ಶವಾಗಿ ಕಂಡವನು. ತಾನು ಇಪ್ಪತ್ತು ವರ್ಷಗಳಲ್ಲಿ ಕಲಿತುದನ್ನು ಪ್ಲಾಂಟ್ ಆ ತರುಣನಿಗೆ ಬಿಚ್ಚಿಟ್ಟರು: ಎಲ್ಲಿ ನಿಲ್ಲಬೇಕು, ಹೊಡೆಯುವವನ ಎದುರು ಕೋನವನ್ನು ಹೇಗೆ ಕಿರಿದುಗೊಳಿಸಬೇಕು, ಭಾರವನ್ನು ಯಾವ ಕಾಲಿನ ಮೇಲಿಡಬೇಕು. ತನ್ನ ಸ್ಥಾನವನ್ನು ಕಸಿಯಬಲ್ಲವನಿಗೇ ಗುಟ್ಟು ಹೇಳಿಕೊಡುವುದು ಸಣ್ಣ ಮಾತಲ್ಲ. ಪೆರಾಂಟ್ ಮುಂದೆ ಫಿಲಡೆಲ್ಫಿಯಾ ತಂಡದಲ್ಲಿ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಕೈ ಬಿಗಿಯೆಂದು ಹೆಸರಾದವರು ವಿದ್ಯೆಯ ವಿಷಯದಲ್ಲಿ ಹಾಗಿರಲಿಲ್ಲ. ಗೋಲು ಕಾಯುವ ಕಲೆಯ ಕುರಿತು 1972ರಲ್ಲಿ ಪುಸ್ತಕವನ್ನೂ ಬರೆದರು. ಮುಖಕವಚ ತಯಾರಿಸುವ ಉದ್ಯಮವನ್ನೂ ತೆರೆದರು. ಅಷ್ಟರಲ್ಲಿ ಬರಿ ಮುಖದವರ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು. ಲೀಗಿನಲ್ಲಿ ಕವಚವಿಲ್ಲದೆ ಆಡಿದ ಕೊನೆಯ ಗೋಲ್‌ಕೀಪರ್ ಪಿಟ್ಸ್‌ಬರ್ಗ್ ತಂಡದ ಆಂಡಿ ಬ್ರೌನ್, 1974ರಲ್ಲಿ.

ಪ್ಲಾಂಟ್ ಅವರ ಕೊನೆಯ ಋತು 1974-75ರದು. ಎಡ್ಮಂಟನ್ ತಂಡಕ್ಕೆ ಆಡಿದರು. ಆಗ ಅವರಿಗೆ ನಲವತ್ತಾರು. ರಾಷ್ಟ್ರೀಯ ಹಾಕಿ ಲೀಗಿನಲ್ಲಿಯೇ 837 ಪಂದ್ಯಗಳು, ಆರು ಸ್ಟ್ಯಾನ್ಲಿ ಕಪ್‌ಗಳು. ಅನಂತರ ತರುಣ ಗೋಲ್‌ಕೀಪರರಿಗೆ ತರಬೇತಿ ಕೊಡುತ್ತ, ಪತ್ನಿಯ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದರು. 1985ರ ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಕ್ಯಾನ್ಸರ್ ಇರುವುದು ಗೊತ್ತಾಯಿತು. 1986ರ ಫೆಬ್ರವರಿ 27ರಂದು ಜಿನೀವಾದಲ್ಲಿ ತೀರಿಕೊಂಡರು. ವಯಸ್ಸು ಐವತ್ತೇಳು.

ಅವರನ್ನು ಸಮಾಧಿ ಮಾಡಿದ್ದು ಸಿಯೆರ್ ಎಂಬ ಪಟ್ಟಣದಲ್ಲಿ. ಹುಟ್ಟೂರಿನಿಂದ ಅಷ್ಟು ದೂರ. ಆದರೆ ಆ ವೇಳೆಗೆ ಸರಿಯಾಗಿ ಕ್ವಿಬೆಕ್ಕಿನ ಬಾಲಕರ ಹಾಕಿ ತಂಡವೊಂದು ಪಂದ್ಯಾವಳಿಗೆಂದು ಸ್ವಿಟ್ಜರ್ಲೆಂಡಿಗೆ ಬಂದಿತ್ತು. ಅಂತ್ಯಕ್ರಿಯೆಯ ಬಲಿಪೂಜೆ ಮುಗಿದು ಶವಪೆಟ್ಟಿಗೆಯನ್ನು ದೇವಾಲಯದಿಂದ ಹೊರಕ್ಕೆ ತರುವಾಗ ಆ ಹುಡುಗರು ಎರಡು ಸಾಲಾಗಿ ನಿಂತು, ತಮ್ಮ ಹಾಕಿ ಕೋಲುಗಳನ್ನು ಮೇಲಕ್ಕೆತ್ತಿ ಕಮಾನಿನಂತೆ ಹಿಡಿದರು. ಅದರ ಕೆಳಗಿನಿಂದ ಅವರನ್ನು ಹೊತ್ತು ನಡೆದರು.